ಒಂದು ‘ಕಣೆ’ಯ ಜಾಗ

ನಮ್ಮ ಚಿತ್ರಕೂಟಕ್ಕಾಗಿ ‘ಫ್ರೋಜನ್ ರಿವರ್’ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆಯಲು ಒಪ್ಪಿಕೊಂಡಾಗ ಕೆಲಸ ಹಗುರವೆಂದುಕೊಂಡಿದ್ದೆ. ಕೋರ್ಟ್ನಿ ಹಂಟ್ ನಿರ್ದೇಶಿಸಿದ, 2008ರ ಸನ್‌ಡಾನ್ಸ್‌ ಚಿತ್ರೋತ್ಸವದಲ್ಲಿ ತೀರ್ಪುಗಾರರ ಮಹಾ ಪ್ರಶಸ್ತಿ ಪಡೆದ ಈ ಸಣ್ಣ ಚಿತ್ರದಲ್ಲಿ ಮಾತಿಗಿಂತ ಹಿಮವೇ ಹೆಚ್ಚು.

ಮೊದಲ ತೊಡಕು ಮನೆಯದು. ಕಥಾನಾಯಕಿ ರೇ ಕೊಳ್ಳಬಯಸುವುದು ಹೊಸ ಟ್ರೇಲರ್ ಮನೆ. ನಮ್ಮವರಿಗೆ ಟ್ರೇಲರ್ ಎಂದರೆ ಟ್ರ್ಯಾಕ್ಟರಿನ ಹಿಂದಿನದು, ಇಲ್ಲವೇ ಸಿನಿಮಾದ ತುಣುಕು. ‘ಲಾರಿಯಲ್ಲಿ ಬರುವ ಮನೆ’ ಎಂದು ಬರೆದೆ. ಗಂಡ ಹಣದೊಂದಿಗೆ ಓಡಿಹೋಗಿದ್ದಾನೆ; ಮನೆ ಲಾರಿಯಲ್ಲೇ ಹಿಂತಿರುಗುವುದು ತೆರೆಯ ಮೇಲೆ ಕಾಣುವುದರಿಂದ ಅರ್ಥವಾಗುತ್ತದೆ.

ನಿಜವಾದ ಪೇಚಾಟ ‘ಯೂ’ ಎಂಬ ಪದದ್ದು. ಗಂಡ ಬಿಟ್ಟುಹೋದ ಕಾರು ಮೊಹಾಕ್ ಎಂಬ ಮೂಲನಿವಾಸಿ ಬುಡಕಟ್ಟಿನ ಲೈಲಾಳ ಕೈಯಲ್ಲಿರುವುದನ್ನು ಕಂಡ ರೇ, ಅವಳ ಮನೆಗೆ ಗುಂಡು ಹಾರಿಸಿ ಪರಿಚಯ ಆರಂಭಿಸುತ್ತಾಳೆ. ಮುಂದೆ ಇಬ್ಬರೂ ಹೆಪ್ಪುಗಟ್ಟಿದ ಸೇಂಟ್ ಲಾರೆನ್ಸ್ ನದಿಯ ಮೇಲೆ, ಕಾರಿನ ಡಿಕ್ಕಿಯಲ್ಲಿ ಜನರನ್ನು ಅಡಗಿಸಿ ಕೆನಡಾದಿಂದ ಅಮೆರಿಕಕ್ಕೆ ಸಾಗಿಸುತ್ತಾರೆ. ‘ನೀವು’ ಎಂದು ಶುರುಮಾಡಿ, ಸ್ನೇಹ ಬೆಳೆದಂತೆ ‘ನೀನು’ವಿಗೆ ಇಳಿಸುವುದು ನನ್ನ ಹಳೆಯ ಉಪಾಯ. ಇಲ್ಲಿ ಅದು ಕೈಕೊಟ್ಟಿತು. ಗುಂಡು ಹೊಡೆಯುವವಳು ‘ದಯವಿಟ್ಟು ನೀವು’ ಎನ್ನುತ್ತಾಳೆಯೇ? ಮೊದಲ ಸಾಲೇ ತಿರಸ್ಕಾರದ ‘ನೀನು’. ಆಮೇಲೆ ಬರುವ ಸಲುಗೆಗೆ ಬೇರೆ ಪದ ಎಲ್ಲಿಂದ ತರಲಿ?

ಪೊಲೀಸ್ ಅಧಿಕಾರಿಯ ಮಾತು ಮಾತ್ರ ತಾನಾಗಿಯೇ ಕೂಡಿಬಂತು. ಬಿಳಿಯಳಾದ ರೇಗೆ ಅವನು ‘ನೀವು’ ಎನ್ನುತ್ತಾನೆ. ಲೈಲಾಳ ಬಗ್ಗೆ ಎಚ್ಚರಿಸುವಾಗ ‘ಅವಳು’. ಇಂಗ್ಲಿಷಿನಲ್ಲಿ ನಟನ ದನಿ ಹೊರಬೇಕಾದದ್ದನ್ನು ನಮ್ಮ ಸರ್ವನಾಮವೇ ಹೊತ್ತಿತು. ಸ್ವಲ್ಪ ಹೆಚ್ಚೇ ಹೊತ್ತಿತೇನೋ ಎಂಬ ಅನುಮಾನ ಈಗಲೂ ಇದೆ.

ಸಲುಗೆಗೆ ಕೊನೆಗೆ ಸಿಕ್ಕಿದ್ದು ‘ಕಣೆ’. ಪಾಕಿಸ್ತಾನಿ ದಂಪತಿಯ ಚೀಲದಲ್ಲಿ ಬಾಂಬ್ ಇರಬಹುದೆಂದು ಹೆದರಿ ರೇ ಅದನ್ನು ಹಿಮದ ಮೇಲೆ ಬಿಟ್ಟುಬರುತ್ತಾಳೆ. ಒಳಗಿದ್ದದ್ದು ಮಗು. ಇಬ್ಬರೂ ಹಿಂತಿರುಗಿ ಹುಡುಕುತ್ತಾರೆ. ಸತ್ತಿತೆಂದುಕೊಂಡ ಮಗು ಲೈಲಾಳ ಮಡಿಲಿನಲ್ಲಿ ಮಿಸುಕುತ್ತದೆ. ಅಲ್ಲಿಯವರೆಗೆ ‘ತೆಗೆ’, ‘ನಡೆ’ ಎಂದು ಬೋಳಾಗಿ ಬರೆದಿದ್ದವನು, ಆ ನಂತರದ ಒಂದೇ ಒಂದು ಸಾಲಿಗೆ ‘ಕಣೆ’ ಸೇರಿಸಿದೆ. ಯಾವ ಸಾಲು ಎಂದು ಗೊತ್ತುಮಾಡಲು ಮೂರು ರಾತ್ರಿ ಹಿಡಿಯಿತು. ಎರಡನೆಯ ಸಾಲಿನಲ್ಲಿಟ್ಟರೆ ಮೇಲಿನ ಸಾಲಿನ ಒತ್ತಕ್ಷರಗಳು ಅದರ ತಲೆಗೆ ತಾಗುತ್ತಿದ್ದವು. ಮೊದಲ ಸಾಲಿಗೆ ಹತ್ತಿಸಿದರೆ ಓದಲು ಸಮಯ ಸಾಲುತ್ತಿರಲಿಲ್ಲ. ಒಂದು ಕ್ರಿಯಾಪದವನ್ನೇ ಕೈಬಿಟ್ಟೆ.

ಪ್ರದರ್ಶನದ ದಿನ ‘ಕಣೆ’ಯನ್ನು ಯಾರೂ ಗಮನಿಸಿದಂತೆ ಕಾಣಲಿಲ್ಲ. ‘ಡಿಕ್ಕಿ’ಗೆ ಮಾತ್ರ ಹಿಂದಿನ ಸಾಲಿನವರು ನಕ್ಕರು.