ಮೇಣದಬತ್ತಿ ಬಿಟ್ಟು ತುಕ್ಕು ಹಿಡಿಸಿದ್ದು

ಎಂಟು ವರ್ಷ ನಾನು ಮಕ್ಕಳಿಗೆ ಒಂದು ಪ್ರಯೋಗವನ್ನು ತಪ್ಪಾಗಿ ತೋರಿಸಿದ್ದೇನೆ. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದಬತ್ತಿ, ಅದರ ಮೇಲೆ ಬೋರಲು ಹಾಕಿದ ಗಾಜಿನ ಲೋಟ. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಸರ್ರನೆ ಏರುತ್ತದೆ. "ನೋಡಿ, ಗಾಳಿಯಲ್ಲಿದ್ದ ಆಮ್ಲಜನಕವೆಲ್ಲ ಖರ್ಚಾಯಿತು. ಆ ಜಾಗಕ್ಕೆ ನೀರು ಬಂತು. ಹೆಚ್ಚುಕಮ್ಮಿ ಐದನೇ ಒಂದು ಭಾಗ, ಅಲ್ವಾ?" ಮಕ್ಕಳು ಒಟ್ಟಿಗೆ "ಹೌದು ಮಿಸ್" ಅನ್ನುತ್ತಿದ್ದರು. ನಾನೂ ಹಾಗೇ ಕಲಿತವಳು, ನನಗೆ ಕಲಿಸಿದವರೂ ಹಾಗೇ.

ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆ. ಒಂಬತ್ತನೇ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗಿಯೊಬ್ಬಳು ಪ್ರಯೋಗ ಮುಗಿದ ಮೇಲೆ ಕೈ ಎತ್ತಿದಳು. "ಮಿಸ್, ಬತ್ತಿ ಉರೀವಾಗ ನೀರು ಏರ್ಲೇ ಇಲ್ವಲ್ಲ. ಆರಿದ್ ಮೇಲೆ ತಾನೆ ಏರಿದ್ದು?"

ಮತ್ತೆ ಹಚ್ಚಿ ನೋಡಿದೆವು. ಅವಳು ಹೇಳಿದ್ದು ನಿಜ. ಉರಿಯುವಷ್ಟು ಹೊತ್ತೂ ನೀರು ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ಲೋಟ ಇಟ್ಟ ಕೂಡಲೇ ಅಂಚಿನಿಂದ ಎರಡು ಮೂರು ಗುಳ್ಳೆ ಹೊರಗೂ ಹೋದವು. ಬತ್ತಿ ಆರಿ ಹೊಗೆ ಎದ್ದ ಮೇಲೆ ನೀರು ನುಗ್ಗಿತು. ಆಮ್ಲಜನಕ ಖರ್ಚಾಗಿ ನೀರು ಏರುವುದಾದರೆ ಉರಿಯುತ್ತಿರುವಾಗಲೇ ನಿಧಾನಕ್ಕೆ ಏರಬೇಕಿತ್ತು. ಎಂಟು ವರ್ಷ ಅದೇ ಮೇಜಿನ ಮುಂದೆ ನಿಂತು ನಾನು ಇದನ್ನು ನೋಡೇ ಇರಲಿಲ್ಲ. ಉತ್ತರ ಮೊದಲೇ ಗೊತ್ತಿದ್ದರೆ ಕಣ್ಣು ಕೆಲಸ ಮಾಡುವುದಿಲ್ಲ ಅಂತ ಕಾಣುತ್ತದೆ.

"ನಾಳೆ ಹೇಳ್ತೀನಿ" ಅಂದು ಮನೆಗೆ ಬಂದೆ. ಕಾರಣ ಹೊಳೆದದ್ದು ಅಡುಗೆಮನೆಯಲ್ಲಿ. ಬಿಸಿನೀರಲ್ಲಿ ತೊಳೆದ ಸ್ಟೀಲ್ ಲೋಟವನ್ನು ಕಟ್ಟೆಯ ಮೇಲೆ ಬೋರಲು ಹಾಕಿದರೆ ಸ್ವಲ್ಪ ಹೊತ್ತಿಗೆ ಕಚ್ಚಿಕೊಳ್ಳುತ್ತದಲ್ಲ, ಅದೇ. ಬತ್ತಿಯ ಶಾಖಕ್ಕೆ ಲೋಟದೊಳಗಿನ ಗಾಳಿ ಹಿಗ್ಗುತ್ತದೆ, ಸ್ವಲ್ಪ ಹೊರಗೆ ಹೋಗುತ್ತದೆ. ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಆಗ ನೀರು ಏರುತ್ತದೆ. ಮಾರನೇ ದಿನ ಬತ್ತಿಯೇ ಇಲ್ಲದೆ ತೋರಿಸಿದೆ. ಗಾಜಿನ ಲೋಟವನ್ನು ಬಿಸಿನೀರಲ್ಲಿ ಅದ್ದಿ ತೆಗೆದು ತಟ್ಟೆಯ ನೀರಿನ ಮೇಲೆ ಬೋರಲು ಹಾಕಿದೆ. ನೀರು ಏರಿತು. ಒಂದರ ಬದಲು ಮೂರು ಬತ್ತಿ ಹಚ್ಚಿ ಅದೇ ಲೋಟ ಮುಚ್ಚಿದಾಗ ಇನ್ನೂ ಜಾಸ್ತಿ ಏರಿತು. ಆಮ್ಲಜನಕದ ಅಳತೆಯಾಗಿದ್ದರೆ ಬತ್ತಿ ಎಷ್ಟಿದ್ದರೂ ಒಂದೇ ಮಟ್ಟ ಬರಬೇಕಿತ್ತು.

ಲೆಕ್ಕದಲ್ಲೂ ಇದು ನಿಲ್ಲುವುದಿಲ್ಲ. ಮುಚ್ಚಿದ ಜಾಗದಲ್ಲಿ ಆಮ್ಲಜನಕ ನೂರಕ್ಕೆ 21ರಿಂದ ಸುಮಾರು 16ಕ್ಕೆ ಇಳಿದಾಗಲೇ ಮೇಣದಬತ್ತಿ ಆರಿಹೋಗುತ್ತದೆ. ಮುಕ್ಕಾಲು ಪಾಲು ಆಮ್ಲಜನಕ ಒಳಗೇ ಇರುತ್ತದೆ. ಹೋದ 5 ಭಾಗಕ್ಕೆ ಬದಲಾಗಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಮೇಣ ಉರಿಯುವಾಗ 38 ಅಣು ಆಮ್ಲಜನಕ ಹೋದರೆ 25 ಅಣು ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ನೀರಾವಿ ಪೂರ್ತಿ ನೀರಾಯಿತು ಅಂತ ಇಟ್ಟುಕೊಂಡರೂ ನಿಜವಾಗಿ ಕಡಿಮೆಯಾಗುವುದು ನೂರಕ್ಕೆ ಎರಡೂ ಇಲ್ಲ. ಐದನೇ ಒಂದು ಭಾಗ ಬಂದದ್ದು ಲೋಟದ ಗಾತ್ರ, ಬತ್ತಿಯ ಗಾತ್ರ ಕಾಕತಾಳೀಯವಾಗಿ ಕೂಡಿಬಂದಿದ್ದರಿಂದ ಅಷ್ಟೇ.

ಹಾಗಾದರೆ 21 ಅಂತ ಮಕ್ಕಳಿಗೆ ತೋರಿಸುವುದು ಹೇಗೆ? ಆಮ್ಲಜನಕವನ್ನು ಹಿಡಿದು, ಬದಲಿಗೆ ಬೇರೆ ಅನಿಲ ಬಿಡದೇ ಇರುವಂಥದ್ದು ಬೇಕು. ಅಂಥದ್ದು ಕಬ್ಬಿಣ. ತುಕ್ಕು ಹಿಡಿಯುವಾಗ ಆಮ್ಲಜನಕ ಗಟ್ಟಿ ಪದಾರ್ಥದೊಳಗೆ ಸೇರಿಬಿಡುತ್ತದೆ, ಬಿಸಿಯೂ ಅಷ್ಟಾಗಿ ಏಳುವುದಿಲ್ಲ. ಒದ್ದೆ ಕಬ್ಬಿಣವನ್ನು ಪ್ರನಾಳದ (ಟೆಸ್ಟ್ ಟ್ಯೂಬ್) ತಳಕ್ಕೆ ತುರುಕಿ, ನೀರಿನ ಬೀಕರಿನಲ್ಲಿ ಬೋರಲು ನಿಲ್ಲಿಸಿ, ಸುಮ್ನೆ ಬಿಟ್ಟರೆ ಆಯಿತು.

ಮೊದಲ ಸಲ ಒಂದು ವಾರ ಬಿಟ್ಟೆ. ಏನೂ ಆಗಲಿಲ್ಲ. ನೀರು ಒಂದು ಕೂದಲೆಳೆಯಷ್ಟೂ ಏರಲಿಲ್ಲ. ನಾನು ಹಾಕಿದ್ದು ಪಾತ್ರೆ ಉಜ್ಜುವ ಸ್ಟೀಲ್ ಸ್ಕ್ರಬ್ಬರ್. ಅದು ತುಕ್ಕು ಹಿಡಿಯಬಾರದು ಅಂತಲೇ ಮಾಡಿದ್ದು! ರಸಾಯನಶಾಸ್ತ್ರ ಓದಿದವಳಿಗೆ ಇದು ಹೊಳೆಯಲಿಲ್ಲ ಅಂತ ನನ್ನ ಗಂಡ ಇವತ್ತಿಗೂ ನಗುತ್ತಾರೆ.

ಆಮೇಲೆ ಬಣ್ಣದ ಅಂಗಡಿಯಲ್ಲಿ ಸ್ಟೀಲ್ ವೂಲ್ ಕೇಳಿ ತಂದೆ. ಮರದ ಸಾಮಾನಿಗೆ ಪಾಲಿಶ್ ಮಾಡುವವರು ಉಜ್ಜುವುದಕ್ಕೆ ಬಳಸುವ, ಹತ್ತಿಯಂತೆ ಮೆತ್ತಗಿರುವ ಕಬ್ಬಿಣದ ನೂಲು. ತುಕ್ಕು ಬರದಿರಲಿ ಅಂತ ಅದಕ್ಕೆ ಸ್ವಲ್ಪ ಎಣ್ಣೆ ಸವರಿರುತ್ತಾರೆ. ಅದು ಹೋಗುವ ತನಕ ಏನೂ ನಡೆಯುವುದಿಲ್ಲ. ಸೋಪಿನ ನೀರಲ್ಲಿ ತೊಳೆದು, ಒಂದು ನಿಮಿಷ ವಿನೆಗರ್‌ನಲ್ಲಿ ಅದ್ದಿ, ಮತ್ತೆ ಎರಡು ಮೂರು ನೀರಲ್ಲಿ ಚೆನ್ನಾಗಿ ಜಾಲಿಸಿ ಹಿಂಡಬೇಕು. ಜಾಲಿಸುವುದರಲ್ಲಿ ಅವಸರ ಮಾಡಬೇಡಿ. ಆಮ್ಲ ಉಳಿದರೆ ಕಬ್ಬಿಣದ ಜೊತೆ ಸೇರಿ ಹೈಡ್ರೋಜನ್ ಬಿಡುತ್ತದೆ, ಅಳತೆ ಕೆಡುತ್ತದೆ. ಚಿಟಿಕೆಯಷ್ಟು ನೂಲು ಸಾಕು. 30 ಮಿಲಿ ಗಾಳಿಯ ಆಮ್ಲಜನಕ ಹಿಡಿಯುವುದಕ್ಕೆ ಲೆಕ್ಕದ ಪ್ರಕಾರ ಬೇಕಾದ ಕಬ್ಬಿಣ ಬರೀ 20 ಮಿಲಿಗ್ರಾಂ. ಉಂಡೆ ಕಟ್ಟದೆ ಬಿಡಿಬಿಡಿಯಾಗಿ ಹಾಕುವುದು ಮುಖ್ಯ.

ಆರು ಗುಂಪು ಮಾಡಿ, ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಆರು ಪ್ರನಾಳಗಳನ್ನು ಕಿಟಕಿಯ ಪಕ್ಕ ನಿಲ್ಲಿಸಿದೆವು. ಸೋಮವಾರ ಪ್ರಾರ್ಥನೆ ಮುಗಿಯುವ ಮೊದಲೇ ಮಕ್ಕಳು ಕಿಟಕಿಗೆ ಮುಖ ಒತ್ತಿಕೊಂಡು ನಿಂತಿದ್ದರು. ನೂಲು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ನೀರು ಏರಿತ್ತು. ಒಂಬತ್ತು ಗಂಟೆಗೇ ಅಳೆದೆವು. ಏರಿದ್ದು ನೂರಕ್ಕೆ 23, 24, 22, 24, 15, 12.

ನನಗೆ ತಲೆ ಕೆಟ್ಟಿತು. 15, 12 ಯಾಕೆ ಅಂತ ಊಹಿಸಬಹುದಿತ್ತು, ಎಣ್ಣೆ ಸರಿಯಾಗಿ ಹೋಗಿಲ್ಲ. ಆದರೆ 21ಕ್ಕಿಂತ ಜಾಸ್ತಿ ಹೇಗೆ ಬರುತ್ತದೆ? ಇರುವುದಕ್ಕಿಂತ ಹೆಚ್ಚು ಆಮ್ಲಜನಕವನ್ನು ಕಬ್ಬಿಣ ಎಲ್ಲಿಂದ ತರುತ್ತದೆ? ಆ ಹಿಂದಿನ ಬೆಂಚಿನವಳು ಈ ಸಲ ಕೈ ಎತ್ತಲೂ ಇಲ್ಲ. "ಬತ್ತಿ ಥರಾನೇ ಮಿಸ್. ಶುಕ್ರವಾರ ಸೆಕೆ ಇತ್ತು, ಈಗ ತಣ್ಣಗಿದೆ" ಅಂದಳು. ನಾನು ಅವರಿಗೆ ಹೇಳಿಕೊಟ್ಟ ಪಾಠವನ್ನೇ ನನಗೆ ವಾಪಸ್ ಕೊಟ್ಟಳು. ಉಷ್ಣತೆ ಹತ್ತು ಡಿಗ್ರಿ ಇಳಿದರೆ ಗಾಳಿ ನೂರಕ್ಕೆ ಮೂರು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ಕುಗ್ಗುತ್ತದೆ. ಶುಕ್ರವಾರದ ಮಧ್ಯಾಹ್ನಕ್ಕೂ ಸೋಮವಾರದ ಬೆಳಿಗ್ಗೆಗೂ ನಮ್ಮ ಕೋಣೆಯಲ್ಲಿ ಅಷ್ಟು ವ್ಯತ್ಯಾಸ ಇದ್ದೇ ಇತ್ತು.

ಮೂರೂವರೆಗೆ ಮತ್ತೆ ಅಳೆದೆವು. ಅಳೆಯುವ ಕ್ರಮ ಹೇಳಿಬಿಡುತ್ತೇನೆ, ಇದರಲ್ಲಿ ಬಹಳ ಜನ ಎಡವುತ್ತಾರೆ. ಏರಿದ ನೀರಿನ ಎತ್ತರವನ್ನು ಸ್ಕೇಲಿನಲ್ಲಿ ಅಳೆಯಬೇಡಿ, ಪ್ರನಾಳದ ತಳ ದುಂಡಗಿರುತ್ತದೆ. ನೀರಿನ ಮಟ್ಟಕ್ಕೆ ಒಂದು ರಬ್ಬರ್ ಬ್ಯಾಂಡ್ ಸಿಕ್ಕಿಸಿ. ಆಮೇಲೆ ಪ್ರನಾಳ ತೆಗೆದು, ನೂಲು ಎಳೆದುಹಾಕಿ, ನೇರ ನಿಲ್ಲಿಸಿ, ಬ್ಯಾಂಡಿನ ತನಕ ಸೂಜಿ ತೆಗೆದ ಸಿರಿಂಜಿನಿಂದ ನೀರು ತುಂಬಿ. ಆಮೇಲೆ ಬಾಯಿ ತನಕ. ಮೊದಲ ಗುಂಪಿಗೆ ಬ್ಯಾಂಡಿನ ತನಕ 25.5 ಮಿಲಿ ಹಿಡಿಯಿತು, ಬಾಯಿ ತನಕ 32. ಹೋದದ್ದು 6.5 ಮಿಲಿ, ಅಂದರೆ ನೂರಕ್ಕೆ 20.3. ಉಳಿದ ಮೂರು ಗುಂಪಿಗೂ 20, 21ರ ಆಸುಪಾಸು ಬಂತು. ಬೆಳಿಗ್ಗೆ ಹೊರಗಿನಿಂದಲೇ ಅಂದಾಜಿಗೆ ಅಳೆದಿದ್ದೆವು, ಪ್ರನಾಳ ಎತ್ತಿರಲಿಲ್ಲ. ಹಾಗಾಗಿಯೇ ಎರಡನೇ ಸಲ ಅಳೆಯಲು ಆಯಿತು.

ಒಂದು ಪ್ರನಾಳವನ್ನು ಮಾತ್ರ ಬೇರೆ ಕೆಲಸಕ್ಕೆ ಇಟ್ಟುಕೊಂಡೆ. ನೀರೊಳಗೇ ಬಾಯಿಗೆ ಹೆಬ್ಬೆರಳು ಒತ್ತಿ ಮೇಲೆತ್ತಿ, ನೇರ ಮಾಡಿ, ಬೆರಳು ತೆಗೆದ ತಕ್ಷಣ ಉರಿಯುವ ಊದುಬತ್ತಿಯ ತುದಿ ಇಳಿಸಿದೆ. ಕೆಂಡ ಅಲ್ಲೇ ಕಪ್ಪಾಯಿತು. ಮೇಣದಬತ್ತಿ ಆರಿದ ಲೋಟದಲ್ಲಿ ಮುಕ್ಕಾಲು ಆಮ್ಲಜನಕ ಉಳಿದಿತ್ತು, ಇಲ್ಲಿ ಉಳಿದದ್ದು ಬಹುಪಾಲು ಸಾರಜನಕ, ನೂರಕ್ಕೆ ಒಂದರಷ್ಟು ಆರ್ಗಾನ್.

ಒಬ್ಬ ಹುಡುಗ ಆಗ ಬಾವಿಯ ಮಾತು ತೆಗೆದ. ಅವರ ತಾತ ಹೂಳು ತೆಗೆಯುವ ಮೊದಲು ಬಾವಿಗೆ ಲಾಟೀನು ಇಳಿಸಿ ನೋಡುತ್ತಿದ್ದರಂತೆ. ಆರಿದರೆ ಇಳಿಯಬಾರದು, ಅದು ಸರಿ. ಆದರೆ ಆರದಿದ್ದರೆ ಇಳಿಯಬಹುದು ಅನ್ನುವುದು ತಪ್ಪು. ಕಾರ್ಬನ್ ಮಾನಾಕ್ಸೈಡ್, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಮನುಷ್ಯನನ್ನು ಕೊಲ್ಲುವಷ್ಟು ಇದ್ದಾಗಲೂ ದೀಪ ಉರಿಯುತ್ತಲೇ ಇರಬಹುದು. ಇದನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸಿದೆ. ಅದು ಪರೀಕ್ಷೆಗೆ ಬರುವುದಿಲ್ಲ, ಆದರೂ ಬರೆಸಿದೆ.

12 ಬಂದ ಗುಂಪು ಮುಖ ಸಪ್ಪಗೆ ಮಾಡಿಕೊಂಡಿತ್ತು. ಅವರಿಗೆ ಹದಿನೆಂಟನೇ ಶತಮಾನದ ಫ್ರೆಂಚ್ ರಸಾಯನಶಾಸ್ತ್ರಜ್ಞ ಲೆವಾಸಿಯರ್ ಕಥೆ ಹೇಳಿದೆ. ಅವರು ಪಾದರಸವನ್ನು ಹನ್ನೆರಡು ದಿನ ಬಿಡದೆ ಕಾಯಿಸಿ, 50 ಘನ ಅಂಗುಲ ಗಾಳಿ 42–43ಕ್ಕೆ ಇಳಿದದ್ದನ್ನು ಬರೆದಿಟ್ಟರು. ಮಕ್ಕಳು ಅಲ್ಲೇ ಲೆಕ್ಕ ಹಾಕಿದರು: ನೂರಕ್ಕೆ 14ರಿಂದ 16. "ಅವರಿಗೂ 21 ಬರ್ಲಿಲ್ವಾ ಮಿಸ್?" ಬರಲಿಲ್ಲ. 15ರ ಗುಂಪಿಗೆ ಕೋಡು ಮೂಡಿತು. 12ರ ಗುಂಪಿನವರು ತಮ್ಮ ಪ್ರನಾಳವನ್ನು ಮುಟ್ಟಬೇಡಿ ಅಂತ ಚೀಟಿ ಅಂಟಿಸಿ ಕಿಟಕಿಯಲ್ಲೇ ಬಿಟ್ಟರು. ದಿನಾ ಮೂರೂವರೆಗೆ ಹೊಸ ರಬ್ಬರ್ ಬ್ಯಾಂಡ್ ಹಾಕುತ್ತಾ ಹೋದರು. ಗುರುವಾರದ ಹೊತ್ತಿಗೆ ನಾಲ್ಕು ಬ್ಯಾಂಡ್ ಆಗಿದ್ದವು. ಕೊನೆಯದು 19ರಲ್ಲಿತ್ತು, ಶುಕ್ರವಾರವೂ ಅಲ್ಲೇ ಇತ್ತು.