ಮಲಗುವ ಮುಂಚೆ ಮೂರು ಸಾಲು

ಬೆಳಗ್ಗೆ ಆಫೀಸಿನಲ್ಲಿ ಕೇಳಿದ ಒಂದು ಕಟು ಮಾತು ರಾತ್ರಿ ಹಾಸಿಗೆಯವರೆಗೂ ಜೊತೆಗೇ ಬರುತ್ತದೆ. ಅದೇ ದಿನ ಬಸ್ಸಿನಲ್ಲಿ ಯಾರೋ ಸೀಟು ಬಿಟ್ಟುಕೊಟ್ಟಿದ್ದು, ಪಕ್ಕದ ಮನೆಯವರು ಬಿಸಿ ಒಬ್ಬಟ್ಟು ತಂದುಕೊಟ್ಟಿದ್ದು ಸಂಜೆಯೊಳಗೆ ಮರೆತುಹೋಗಿರುತ್ತದೆ. ನಮ್ಮೆಲ್ಲರ ಮನಸ್ಸೂ ಹೀಗೇ ಅಲ್ವಾ? ಮರೆತುಹೋಗುವ ಈ ಒಳ್ಳೆಯದನ್ನು ಹಿಡಿದಿಡಲು ಒಂದು ಸುಲಭ ಅಭ್ಯಾಸವಿದೆ. ಬೇಕಾದ್ದು ಒಂದು ನೋಟ್‌ಬುಕ್, ಒಂದು ಪೆನ್ನು, ಹತ್ತು ನಿಮಿಷ.

ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಮತ್ತು ಜೊತೆಗಾರರು ಇದನ್ನು ಪರೀಕ್ಷಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ವಾರ, ಪ್ರತಿ ರಾತ್ರಿ, ಅಂದು ಚೆನ್ನಾಗಿ ನಡೆದ ಮೂರು ಸಂಗತಿಗಳನ್ನೂ ಅವುಗಳ ಕಾರಣವನ್ನೂ ಬರೆಯಲು ಜನರಿಗೆ ಹೇಳಿದ್ದರು. ತಿಂಗಳು ಕಳೆದ ಮೇಲೆ ನೋಡಿದರೆ ಅವರ ಸಂತೋಷ ಹೆಚ್ಚಿತ್ತು, ಬೇಸರ ತಗ್ಗಿತ್ತು. ಆರು ತಿಂಗಳಾದರೂ ಹಾಗೇ ಇತ್ತು. ಈ ಅಭ್ಯಾಸದ ಪ್ರಯೋಜನ ಸ್ಪಷ್ಟವಾಗಿ ಕಂಡಿದ್ದು ವಾರ ಮುಗಿದ ತಕ್ಷಣವಲ್ಲ, ತಿಂಗಳು ಕಳೆದ ಮೇಲೆ. ಹಾಗಾಗಿ ನಾಲ್ಕು ದಿನ ಬರೆದು, ಏನೂ ಆಗಲಿಲ್ಲ ಎಂದು ಬಿಡಬೇಡಿ.

ಮೊದಲ ಕೆಲಸ: ನೋಟ್‌ಬುಕ್ಕನ್ನು ದಿಂಬಿನ ಪಕ್ಕ ಇಡಿ. ಮೊಬೈಲಿನಲ್ಲಿ ಬರೆಯಲು ಹೋದರೆ ವಾಟ್ಸ್ಯಾಪ್ ಕರೆಯುತ್ತದೆ. ಕಾಗದವೇ ಒಳ್ಳೆಯದು.

ಎರಡನೆಯದು, ಸಣ್ಣದನ್ನೇ ಬರೆಯಿರಿ. ‘ಒಳ್ಳೆಯ ಸಂಸಾರ ಇದೆ’ ಎಂದು ಬರೆದರೆ ನಾಳೆಯೂ ಅದನ್ನೇ ಬರೆಯುತ್ತೀರಿ. ‘ಮೊದಲ ಮಳೆ ಬಂತು, ಮಗ ಅಂಗಳದಲ್ಲಿ ಕುಣಿದ’ ಎಂದು ಬರೆಯಿರಿ. ಆ ಸಾಲು ಇವತ್ತಿನದು ಮಾತ್ರ.

ಮೂರನೆಯದೇ ಮುಖ್ಯ. ಪ್ರತಿ ಸಂಗತಿಯ ಕೆಳಗೆ ‘ಯಾಕೆ?’ ಎಂದು ಕೇಳಿಕೊಂಡು ಉತ್ತರ ಬರೆಯಿರಿ. ಹೆಚ್ಚಿನವರು ಇದನ್ನೇ ಬಿಟ್ಟುಬಿಡುತ್ತಾರೆ. ಬಿಟ್ಟರೆ ಅದು ಸುಮ್ನೆ ಒಂದು ಪಟ್ಟಿ. ‘ಮಗಳು ತಾನಾಗಿಯೇ ಫೋನ್ ಮಾಡಿದಳು.’ ಯಾಕೆ? ‘ಹೋದ ವಾರ ನಾನು ಮಾರ್ಕ್ಸ್ ಬಗ್ಗೆ ಕೇಳಲಿಲ್ಲ, ಊಟ ಆಯ್ತಾ ಎಂದು ಮಾತ್ರ ಕೇಳಿದ್ದೆ.’ ನೋಡಿ, ಆ ಉತ್ತರದಲ್ಲಿ ನಾಳೆ ಏನು ಮಾಡಬಹುದು ಎನ್ನುವುದೂ ಇದೆ.

ಕೆಟ್ಟ ದಿನಗಳಲ್ಲಿ ಏನು ಬರೆಯುವುದು? ಅಮ್ಮ ತೀರಿಕೊಂಡ ಎರಡನೇ ತಿಂಗಳು ನಾನು ಬರೆಯಲು ಶುರು ಮಾಡಿದೆ. ಮೊದಲ ರಾತ್ರಿ ತೋಚಿದ್ದು ಒಂದೇ: ‘ನಲ್ಲಿಯಲ್ಲಿ ನೀರು ಬಂತು.’ ಯಾಕೆ ಎಂದರೆ, ಬೆಳಗಿನ ಜಾವ ಎದುರು ಮನೆಯ ಆಂಟಿ ಬಾಗಿಲು ತಟ್ಟಿ ಎಬ್ಬಿಸಿದ್ದರು. ಅಷ್ಟನ್ನೇ ಬರೆದು ಮಲಗಿದೆ. ಮೂರು ಸಿಗದಿದ್ದರೆ ಒಂದು ಸಾಕು. ದುಃಖವನ್ನು ಮುಚ್ಚಿಡಬೇಕೆಂದೇನೂ ಇಲ್ಲ. ಅಳು ಬಂದರೆ ಅತ್ತು ಬರೆಯಿರಿ.

ಆದರೆ ಎರಡು ವಾರ ಕಳೆದರೂ ಮಂಕು ಇಳಿಯದೆ, ನಿದ್ದೆ, ಊಟ, ಕೆಲಸ ಎಲ್ಲ ತಪ್ಪುತ್ತಿದ್ದರೆ ನೋಟ್‌ಬುಕ್ಕನ್ನೇ ನಂಬಿ ಕೂರಬೇಡಿ. ವೈದ್ಯರನ್ನು ನೋಡಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕೆಲವು ವಾರ ಕಳೆದ ಮೇಲೆ ಬರವಣಿಗೆ ಹಾಜರಿ ಹಾಕಿದ ಹಾಗೆ ಅನ್ನಿಸತೊಡಗಬಹುದು. ಆಗ ದಿನಾ ಬರೆಯುವುದು ಬಿಟ್ಟು ಭಾನುವಾರಕ್ಕೊಮ್ಮೆ ಮಾಡಿ. ಸೋನ್ಯಾ ಲ್ಯುಬೊಮಿರ್ಸ್ಕಿ ಎಂಬ ಸಂಶೋಧಕಿ ಆರು ವಾರ ನಡೆಸಿದ ಪ್ರಯೋಗದಲ್ಲಿ, ತಮಗೆ ಸಿಕ್ಕ ಒಳ್ಳೆಯದನ್ನು ವಾರಕ್ಕೆ ಮೂರು ಸಲ ಬರೆದವರಿಗಿಂತ ಒಂದೇ ಸಲ ಬರೆದವರಿಗೆ ಹೆಚ್ಚು ಉಪಯೋಗವಾಗಿತ್ತು. ಜಾಸ್ತಿ ಮಾಡಿದರೆ ಜಾಸ್ತಿ ಸಿಗುತ್ತದೆ ಎಂದೇನಿಲ್ಲ.

ಕೊನೆಯ ಹೆಜ್ಜೆಯನ್ನು ಮಾತ್ರ ತಪ್ಪಿಸಬೇಡಿ. ತಿಂಗಳಿಗೊಮ್ಮೆ ಪುಟ ತಿರುವಿ, ‘ಯಾಕೆ’ಯ ಕೆಳಗೆ ಯಾರು ಮತ್ತೆ ಮತ್ತೆ ಬಂದಿದ್ದಾರೆ ನೋಡಿ. ಅವರ ಹತ್ತಿರ ಹೋಗಿ, ಅವರು ಮಾಡಿದ್ದೇನು ಎಂದು ಬಿಡಿಸಿ ಹೇಳಿ. ಸೆಲಿಗ್‌ಮನ್ ಅವರ ಅದೇ ಅಧ್ಯಯನದಲ್ಲಿ, ಧನ್ಯವಾದದ ಪತ್ರ ಬರೆದು ಕೈಯಾರೆ ತಲುಪಿಸಿದವರಿಗೆ ಎಲ್ಲರಿಗಿಂತ ಹೆಚ್ಚು ಖುಷಿ ಸಿಕ್ಕಿತ್ತು, ಅದು ಒಂದು ತಿಂಗಳು ಉಳಿದಿತ್ತು.

ನನ್ನ ಪುಸ್ತಕದಲ್ಲಿ ಎದುರು ಮನೆಯ ಆಂಟಿ ಐದು ಕಡೆ ಇದ್ದರು. ಒಂದು ಸಂಜೆ ಹೋಗಿ ಹೇಳಿದೆ, ‘ಆ ತಿಂಗಳು ನೀವು ಬಾಗಿಲು ತಟ್ಟದಿದ್ದರೆ ನಾನು ಏಳುತ್ತಲೇ ಇರಲಿಲ್ಲ.’ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ನಿಮ್ಮಮ್ಮ ನನ್ನನ್ನು ಹೀಗೇ ಎಬ್ಬಿಸ್ತಿದ್ರು ಕಣಮ್ಮ’ ಎಂದು ಕಾಫಿಗೆ ಹಾಲು ಇಟ್ಟರು.