ತುರಹಳ್ಳಿ, ಸಾವನದುರ್ಗ: ಕಾಡಿನೊಳಗೆ ನಡಿಗೆ, ಕಾಡಿನಾಚೆ ಕುದುರೆ

ಬೆಂಗಳೂರಿನ ಸುತ್ತಲಿರುವುದು ಮಲೆನಾಡಿನಂಥ ಕಾಡಲ್ಲ. ಇಲ್ಲಿ ಮಣ್ಣಿಗಿಂತ ಬಂಡೆಯೇ ಹೆಚ್ಚು. ಎಷ್ಟೋ ಕಡೆ ಬಂಡೆಯ ಮೇಲೆ ಗೇಣುದ್ದ ಮಣ್ಣೂ ಇರುವುದಿಲ್ಲ. ಅಷ್ಟರಲ್ಲೇ ಜಾಲಿ, ಮುತ್ತುಗ, ಈಚಲು, ಸೀಗೆ ಬೇರೂರಿವೆ. ಎಷ್ಟು ಹೊತ್ತಿಗೆ ಹೊರಡಬೇಕು, ಎಂಥ ಶೂ ಬೇಕು, ಜೇನು ಎಲ್ಲಿ ಕಟ್ಟಿರುತ್ತದೆ, ಕುದುರೆಯನ್ನು ಯಾಕೆ ಒಳಗೆ ತರಬಾರದು ಎಂಬುದನ್ನೆಲ್ಲ ತೀರ್ಮಾನಿಸುವುದು ಈ ಬಂಡೆಯೇ.

ಹೊಸಬರು ನಗರದ ದಕ್ಷಿಣ ಅಂಚಿನ ತುರಹಳ್ಳಿ ಕಾಡಿನಿಂದ ಶುರು ಮಾಡಿ. ಹಸಿರು ಮಾರ್ಗದ ಮೆಟ್ರೊದಲ್ಲಿ ವಾಜರಹಳ್ಳಿ ಅಥವಾ ತಲಘಟ್ಟಪುರದಲ್ಲಿ ಇಳಿದು ಆಟೊ ಹಿಡಿದರೆ ಸಾಕು. 2021ರಲ್ಲಿ ಅರಣ್ಯ ಇಲಾಖೆ ಇಲ್ಲಿ ವೃಕ್ಷೋದ್ಯಾನ ಮಾಡಲು ಹೊರಟಾಗ ಸುತ್ತಲಿನ ಜನ ಬಲವಾಗಿ ವಿರೋಧಿಸಿದರು, ಯೋಜನೆಯನ್ನು ಕೈಬಿಡಲಾಯಿತು. ಆದ್ದರಿಂದ ಇಲ್ಲಿ ಪಾರ್ಕಿನ ಸೌಕರ್ಯ ಹುಡುಕಬೇಡಿ. ಪುಟ್ಟ ಮಕ್ಕಳಿದ್ದರೆ, ಮಂಡಿನೋವಿನ ಹಿರಿಯರಿದ್ದರೆ ಇಲಾಖೆಯ ಸಾಲುಮರದ ತಿಮ್ಮಕ್ಕ ವೃಕ್ಷೋದ್ಯಾನಗಳೇ ವಾಸಿ. ತುರಹಳ್ಳಿಯ ಕಾಲುದಾರಿಗಳು ಕವಲೊಡೆಯುತ್ತಲೇ ಹೋಗುತ್ತವೆ. ಪ್ರತಿ ಕವಲಿನಲ್ಲೂ ಒಮ್ಮೆ ಹಿಂತಿರುಗಿ ನೋಡಿ, ಯಾಕೆಂದರೆ ವಾಪಸ್ ಬರುವಾಗ ಕಣ್ಣಿಗೆ ಬೀಳುವುದು ಆ ನೋಟ. ಸೈಕಲ್ಲಿನವರೂ ಇದೇ ದಾರಿ ಹಿಡಿಯುವುದರಿಂದ ಎರಡೂ ಕಿವಿಗೆ ಇಯರ್‌ಫೋನ್ ಬೇಡ.

ಹತ್ತುವ ಅಭ್ಯಾಸ ಆದಮೇಲೆ ಮಾಗಡಿ ತಾಲ್ಲೂಕಿನ ಸಾವನದುರ್ಗ. ಕರಿಗುಡ್ಡ, ಬಿಳಿಗುಡ್ಡ ಎಂಬ ಜೋಡಿ ಬೆಟ್ಟ, ಎತ್ತರ 1,226 ಮೀಟರ್. ಬಸ್ಸಿನಲ್ಲಿ ಮಾಗಡಿಗೆ ಹೋಗಿ ಅಲ್ಲಿಂದ ಆಟೊ ಹಿಡಿಯಬಹುದು. ಇಂಥ ಬೆಟ್ಟಗಳಿಗೆ ಹೊರಡುವ ಮೊದಲು ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣ ನೋಡಿ. ಇಲ್ಲಿನ ಮಾರ್ಗಗಳಿಗೆ ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯಿದೆ. ಶನಿವಾರ, ಭಾನುವಾರದ ಜಾಗ ಬೇಗ ತುಂಬುತ್ತದೆ. ಬುಕ್ ಮಾಡಿದವರ ಗುರುತಿನ ಚೀಟಿ ಜೊತೆಗಿರಲಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುವುದುಂಟು. ಅನುಮತಿಯಿಲ್ಲದೆ ಮೀಸಲು ಅರಣ್ಯಕ್ಕೆ ನುಗ್ಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಯಾರೋ ಹಾಕಿದ ವಿಡಿಯೊ ನಂಬಿ ಬೇಲಿ ದಾಟಬೇಡಿ.

ಬೆಳಕು ಹರಿಯುತ್ತಿದ್ದಂತೆ ಹೊರಡಿ. ಚಳಿಗಾಲದಲ್ಲಿ ಅದು ಆರೂಮುಕ್ಕಾಲು, ಮೇ ತಿಂಗಳಲ್ಲಿ ಆರಕ್ಕಿಂತ ಸ್ವಲ್ಪ ಮೊದಲು. ಬೇಸಿಗೆಯಲ್ಲಿ ಒಂಬತ್ತೂವರೆ, ಹತ್ತು ಗಂಟೆಯ ಹೊತ್ತಿಗೆ ಬಂಡೆ ಕಾದು ಮೇಲಿನಿಂದಲೂ ಕೆಳಗಿನಿಂದಲೂ ಬಿಸಿ ಹೊಡೆಯುತ್ತದೆ. ಅಷ್ಟರಲ್ಲಿ ಇಳಿದಿರಬೇಕು. ಅರ್ಧ ದಿನಕ್ಕೆ ತಲೆಗೆ ಎರಡು ಲೀಟರ್ ನೀರು, ಮಾರ್ಚ್‌ನಿಂದ ಮೇವರೆಗೆ ಮೂರು. ಬೆಟ್ಟದ ಮೇಲೆ ನಂಬಬಹುದಾದ ಕುಡಿಯುವ ನೀರಿಲ್ಲ. ಅರ್ಧ ನೀರು ಖಾಲಿಯಾದ ಜಾಗದಿಂದ ಹಿಂದಕ್ಕೆ ತಿರುಗಿ, ತುದಿ ಎದುರಿಗೇ ಕಾಣುತ್ತಿದ್ದರೂ ಸರಿ. ಒಆರ್‌ಎಸ್ ಪೊಟ್ಟಣ ಎರಡಿರಲಿ. ತಿಂಡಿಯನ್ನು ಕೈಚೀಲದಲ್ಲಿ ತೂಗಾಡಿಸಿಕೊಂಡು ಹೋದರೆ ಕೋತಿ ಕಿತ್ತುಕೊಳ್ಳುತ್ತದೆ. ಬ್ಯಾಗಿನೊಳಗೆ ಹಾಕಿ ಜಿಪ್ ಎಳೆಯಿರಿ.

ಬಂಡೆಯ ಮೇಲೆ ಹೆಜ್ಜೆ

ಕಾಲು ಮುರಿದುಕೊಳ್ಳುವವರು ಹೆಚ್ಚಾಗಿ ಬೀಳುವುದು ಇಳಿಯುವಾಗ. ಇದಕ್ಕೆ ಮೂರು ಕಾರಣ. ಮೊದಲನೆಯದು ಶೂ. ಅಟ್ಟೆಯನ್ನು ಉಗುರಿನಿಂದ ಒತ್ತಿದರೆ ಸ್ವಲ್ಪ ತಗ್ಗಬೇಕು, ಆಗ ಆ ರಬ್ಬರ್ ಬಂಡೆಯನ್ನು ಹಿಡಿಯುತ್ತದೆ. ಗಾಜಿನಂತೆ ಗಟ್ಟಿಯಾಗಿದ್ದರೆ, ಹಲ್ಲು ಸವೆದಿದ್ದರೆ ಮನೆಯಲ್ಲೇ ಬಿಡಿ. ಎರಡನೆಯದು ಗರಸು. ಬಂಡೆ ಸವೆದು ಉದುರಿದ ಕಾಳುಗಳು ನುಣ್ಣನೆಯ ಇಳಿಜಾರಿನ ಮೇಲೆ ಹರಡಿರುತ್ತವೆ, ಕಾಲಿಟ್ಟರೆ ಉರುಳುತ್ತವೆ. ಒಣಬಂಡೆ ಎಂಬ ಧೈರ್ಯದಲ್ಲಿ ಜಾರುವುದು ಇಲ್ಲೇ. ಮೂರನೆಯದು ಕಪ್ಪು ಪಟ್ಟೆ. ಮಳೆನೀರು ಹರಿದ ಜಾಗದಲ್ಲಿ ಬಂಡೆಯ ಮೇಲೆ ಉದ್ದಕ್ಕೆ ಕರಿಗೆರೆ ಮೂಡಿರುತ್ತದೆ, ಅದು ಪಾಚಿ. ಒಣಗಿದಂತೆ ಕಂಡರೂ ಬೆಳಗಿನ ಇಬ್ಬನಿಗೆ ಎಣ್ಣೆ ಸವರಿದಂತಾಗುತ್ತದೆ. ಅದನ್ನು ಬಿಟ್ಟು ಬಿಳುಪಾದ, ಒರಟಾದ ಕಡೆ ಕಾಲಿಡಿ. ಮಳೆ ಹನಿದರೆ ಹತ್ತುವುದನ್ನು ಅಲ್ಲಿಗೇ ನಿಲ್ಲಿಸಿ, ಬಂಡೆ ಒಣಗುವ ತನಕ ಕೂತಿರಿ. ಗುಡುಗು ಕೇಳಿಸಿತೆಂದರೆ ಮಾತ್ರ ತುದಿಯ ಬಯಲುಬಂಡೆಯಲ್ಲಿ ಉಳಿಯದೆ ತಗ್ಗಿಗೆ ಬನ್ನಿ.

ಇಳಿಯುವಾಗ ಭಯಕ್ಕೆ ಎಲ್ಲರೂ ಹಿಂದಕ್ಕೆ ವಾಲುತ್ತಾರೆ. ಹಾಗೆ ವಾಲಿದರೆ ಭಾರವೆಲ್ಲ ಹಿಮ್ಮಡಿಯ ಅಂಚಿಗೆ ಬಿದ್ದು ಕಾಲು ಮುಂದಕ್ಕೆ ಜಾರುತ್ತದೆ. ಮಂಡಿ ಸ್ವಲ್ಪ ಬಗ್ಗಿಸಿ, ಅಂಗಾಲು ಪೂರ್ತಿ ಊರಿ, ಪುಟ್ಟ ಪುಟ್ಟ ಹೆಜ್ಜೆ ಇಡಿ.

ಹೆಜ್ಜೇನು

ಇಲ್ಲಿ ಚಿರತೆಗಿಂತ ಹೆಚ್ಚು ಎಚ್ಚರ ಬೇಕಿರುವುದು ಹೆಜ್ಜೇನಿನ ಬಗ್ಗೆ. ಮುಂದಕ್ಕೆ ಚಾಚಿದ ಬಂಡೆಯ ಅಡಿಯಲ್ಲಿ ಕಪ್ಪಗೆ ಅರ್ಧಚಂದ್ರದ ಹಾಗೆ ನೇತಾಡುವುದು ಅದರ ಹುಟ್ಟು. ಹುಟ್ಟಿನ ಮೇಲೆ ಅಲೆ ಎದ್ದ ಹಾಗೆ ಮಿಂಚು ಹರಿದರೆ ಹುಳುಗಳು ಎಚ್ಚರಗೊಂಡಿವೆ ಎಂದೇ ಅರ್ಥ. ಸದ್ದಿಲ್ಲದೆ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಹೊಗೆ, ಸಿಗರೇಟು, ಕೂಗಾಟ, ಘಾಟು ಸೆಂಟು ಯಾವುದೂ ಬೇಡ. ಜೇನು ಎದ್ದರೆ ನಿಂತು ಕೈ ಬೀಸಬೇಡಿ. ಕುಟುಕಿದ ಜಾಗದಿಂದ ಹೊರಡುವ ವಾಸನೆ ಉಳಿದ ಹುಳುಗಳನ್ನೂ ಕರೆಯುತ್ತದೆ. ಮುಖ ಮುಚ್ಚಿಕೊಂಡು ಬೇರೆಯವರ ಗುಂಪಿರುವ ಕಡೆಗಲ್ಲದೆ ಬೇರೆ ದಿಕ್ಕಿಗೆ ದೂರ ಹೋಗಿ, ಆದರೆ ಕಡಿದಾದ ಬಂಡೆಯ ಮೇಲೆ ಓಡಬೇಡಿ. ನೀರಿಗೆ ಹಾರಬೇಡಿ, ತಲೆ ಎತ್ತುವುದನ್ನೇ ಅವು ಕಾಯುತ್ತಿರುತ್ತವೆ. ಸುರಕ್ಷಿತ ಜಾಗಕ್ಕೆ ಬಂದ ಕೂಡಲೇ ಕೊಂಡಿಗಳನ್ನು ಕೆರೆದು ತೆಗೆಯಿರಿ. ತುಟಿ ಊದಿದರೆ, ಉಸಿರು ಕಟ್ಟಿದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಹಾವಿನ ವಿಷಯ ಚಿಕ್ಕದು: ಕಾಣದ ಕಡೆ ಕೈ ಹಾಕಬೇಡಿ, ಬಂಡೆಯ ಸಂದಿನಲ್ಲಿ ಕೂರಬೇಡಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ. ಚಿರತೆ, ಕರಡಿ ಓಡಾಡುವ ಕಾಡಾದ್ದರಿಂದ ಸಂಜೆ ಕತ್ತಲಾಗುವ ಮೊದಲೇ ಹೊರಬನ್ನಿ, ಒಂಟಿಯಾಗಿ ಹೋಗಬೇಡಿ, ನಾಯಿಯನ್ನು ಕರೆತರಲೇಬೇಡಿ.

ಕುದುರೆ

ಈ ಕಾಡುಗಳಲ್ಲಿ ಕುದುರೆಗೆಂದು ಗುರುತು ಹಾಕಿದ ದಾರಿಯಿಲ್ಲ, ಇರದಿರುವುದೇ ಸರಿ. ಕಬ್ಬಿಣದ ಲಾಳ ನುಣ್ಣನೆಯ ಬಂಡೆಯ ಮೇಲೆ ನಿಲ್ಲುವುದಿಲ್ಲ. ಕುದುರೆ ಜಾರಿ ಬಿದ್ದರೆ ಮೇಲಿರುವವರ ಕಾಲು ಅದರ ಮೈ ಕೆಳಗೆ. ತೆಳು ಮಣ್ಣನ್ನು ಗೊರಸು ಕಿತ್ತುಹಾಕಿದರೆ ಅದು ಮತ್ತೆ ಕೂಡಲು ವರ್ಷಗಳೇ ಬೇಕು. ಸವಾರಿ ಮಾಡುವ ಆಸೆಯಿದ್ದರೆ ನಗರದ ಹೊರವಲಯದ ರೈಡಿಂಗ್ ಸ್ಕೂಲ್‌ಗಳಿಗೆ ಹೋಗಿ. ಮೊದಲು ಅಂಗಳದಲ್ಲಿ ಕುದುರೆಯನ್ನು ನಿಲ್ಲಿಸಲು, ತಿರುಗಿಸಲು, ಟ್ರಾಟ್‌ನಲ್ಲಿ, ಅಂದರೆ ಕುದುರೆಯ ಕುಲುಕು ಓಟದಲ್ಲಿ, ತಾಳಕ್ಕೆ ಏಳುತ್ತ ಕೂರಲು ಬರಬೇಕು. ಆಮೇಲಷ್ಟೇ ಊರಾಚೆಯ ಮಣ್ಣುದಾರಿ, ನೀಲಗಿರಿ ತೋಪು.

ಹಣ ಕಟ್ಟುವ ಮುಂಚೆ ಲಾಯ ನೋಡಿ. ಪಕ್ಕೆಲುಬು ಎದ್ದು ಕಾಣುವ, ಜೀನು ಕೂರುವ ಜಾಗದಲ್ಲಿ ಹುಣ್ಣಿರುವ, ಮುಂಗಾಲು ಕುಂಟುವ ಕುದುರೆಗಳಿದ್ದರೆ ಅಲ್ಲಿಂದ ಹೊರಟುಬಿಡಿ. ಒಳ್ಳೆಯ ಕಡೆ ಹೆಲ್ಮೆಟ್ ಇಲ್ಲದೆ ಯಾರನ್ನೂ ಹತ್ತಿಸುವುದಿಲ್ಲ. ಒಂದಿಂಚು ಹಿಮ್ಮಡಿಯ, ನುಣುಪು ಅಟ್ಟೆಯ ಶೂ ಹಾಕಿ. ಚಾರಣದ ದಪ್ಪ ಹಲ್ಲಿನ ಶೂ ರಿಕಾಪಿನಲ್ಲಿ (ಜೀನಿನಿಂದ ನೇತಾಡುವ, ಕಾಲಿಡುವ ಕಬ್ಬಿಣದ ಬಳೆ) ಸಿಕ್ಕಿಕೊಂಡರೆ ಬಿದ್ದವರನ್ನು ಕುದುರೆ ಎಳೆದುಕೊಂಡು ಹೋಗುತ್ತದೆ. ರಿಕಾಪಿನ ಉದ್ದ ಅಳೆಯಲು ಬೆರಳ ತುದಿಯನ್ನು ಅದು ನೇತಾಡುವ ಪಟ್ಟಿಯ ಮೇಲ್ತುದಿಗೆ ಮುಟ್ಟಿಸಿ. ಕೆಳಗಿನ ಕಬ್ಬಿಣ ಕಂಕುಳಿಗೆ ತಾಗಿದರೆ ಸರಿ.

ಎಲ್ಲಕ್ಕಿಂತ ಮುಖ್ಯ ಜೀನನ್ನು ಕುದುರೆಯ ಮೈಗೆ ಬಿಗಿಯುವ ಹೊಟ್ಟೆಪಟ್ಟಿ. ಪಟ್ಟಿ ಬಿಗಿಯುವಾಗ ಎಷ್ಟೋ ಕುದುರೆಗಳು ಹೊಟ್ಟೆ ಉಬ್ಬಿಸುತ್ತವೆ. ಹತ್ತು ನಿಮಿಷ ನಡೆದ ಮೇಲೆ ಪಟ್ಟಿ ಸಡಿಲವಾಗಿರುತ್ತದೆ, ಒಂದು ಕಡೆ ಭಾರ ಬಿದ್ದರೆ ಜೀನು ಪಕ್ಕಕ್ಕೆ ತಿರುಗುತ್ತದೆ. ಹತ್ತುವ ಮೊದಲೊಮ್ಮೆ, ಹತ್ತು ನಿಮಿಷದ ನಂತರ ಇನ್ನೊಮ್ಮೆ ಎರಡು ಬೆರಳು ತೂರಿಸಿ ನೋಡಿ. ಬೆರಳು ಬಿಗಿಯಾಗಿ ಹೋಗಬೇಕು.

ದಾರಿಯಲ್ಲಿ ಮುಂದಿನ ಕುದುರೆಗೂ ನಿಮಗೂ ಒಂದು ಕುದುರೆಯಷ್ಟು, ಅಂದರೆ ಸುಮಾರು ಎರಡೂವರೆ ಮೀಟರ್ ಅಂತರವಿರಲಿ, ಇಲ್ಲದಿದ್ದರೆ ಒದೆ ಬೀಳುತ್ತದೆ. ಏರಿನಲ್ಲಿ ಮುಂದಕ್ಕೆ ಬಾಗಿ, ಇಳಿಜಾರಿನಲ್ಲಿ ನೆಟ್ಟಗೆ ಕೂತು ನಡಿಗೆಯಲ್ಲೇ ಇಳಿಯಿರಿ. ಬೇಲಿಗೆ ಸಿಕ್ಕಿ ಪಟಪಟಿಸುವ ಪ್ಲಾಸ್ಟಿಕ್, ಬೀದಿನಾಯಿ ಇವೆರಡಕ್ಕೆ ಕುದುರೆ ಬೆದರುವುದು ಜಾಸ್ತಿ. ನಾಯಿ ಅಟ್ಟಿಸಿಕೊಂಡು ಬಂದರೆ ಓಡಿಸಬೇಡಿ, ಕುದುರೆಯನ್ನು ನಾಯಿಯ ಕಡೆಗೇ ತಿರುಗಿಸಿ ನಿಲ್ಲಿಸಿ. ಕುದುರೆ ಕಿತ್ತುಕೊಂಡು ಓಡಿದರೆ ಎರಡೂ ಲಗಾಮು ಜಗ್ಗಿ ಪ್ರಯೋಜನವಿಲ್ಲ. ಬಯಲಿದ್ದರೆ ಒಂದೇ ಕಡೆ ಎಳೆದು ಸುತ್ತು ಹಾಕಿಸುತ್ತ ವೃತ್ತವನ್ನು ಚಿಕ್ಕದು ಮಾಡಿ. ಕೊನೆಯ ಒಂದು ಕಿಲೋಮೀಟರ್ ನಡಿಗೆಯಲ್ಲೇ ಬನ್ನಿ. ಇಳಿದ ಮೇಲೆ ಪಟ್ಟಿ ಸಡಿಲಿಸಿ, ನೀರು ಕುಡಿಸಿ, ನಾಲ್ಕೂ ಗೊರಸು ಎತ್ತಿ ಕಲ್ಲು ಸಿಕ್ಕಿದೆಯೇ ನೋಡಿ ಲಾಯದವರಿಗೆ ಒಪ್ಪಿಸಿ.

ಕಾಡಿನಲ್ಲಿ ಬೆಂಕಿ, ಗಾಯಗೊಂಡ ಪ್ರಾಣಿ, ಮರ ಕಡಿಯುವವರು ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926. ಬೆಟ್ಟದ ಹಿಂಬದಿಯಲ್ಲಿ ನೆಟ್‌ವರ್ಕ್ ಸಿಗದೆ ಹೋಗಬಹುದು, ಆದ್ದರಿಂದ ಯಾವ ದಾರಿಯಲ್ಲಿ ಹೋಗುತ್ತೀರಿ, ಎಷ್ಟು ಗಂಟೆಗೆ ವಾಪಸ್ ಬರುತ್ತೀರಿ ಎಂದು ಹತ್ತುವ ಮೊದಲೇ ಮನೆಯವರಿಗೆ ಮೆಸೇಜ್ ಹಾಕಿ.